ಡೀಸೆಲ್‌ಗೆ ಬೆರೆಸುವ ಔಷಧಿ

ಅಜ್ಜೀಪುರ
೧೨-೨-೧೯೬೮

ಕೊಳ್ಳೇಗಾಲದ ಮೆಕ್ಯಾನಿಕ್ ಕೆಂಪನಂಜಪ್ಪಣ್ಣನವರಿಗೆ ಶಿವರತ್ನಮ್ಮನ ನಮಸ್ಕಾರಗಳು.

ನಮ್ಮ ಯಜಮಾನರು ತೀರಿಕೊಂಡ ಮೇಲೆ ಬಾವಿಯ ಡೀಸೆಲ್ ಇಂಜಿನ್ನನ್ನು ನಾನೇ ನಡೆಸುತ್ತಿದ್ದೇನೆ. ಈಚೆಗೆ ಅದು ಕಪ್ಪು ಹೊಗೆ ಕಾರುತ್ತದೆ, ನಡುನಡುವೆ ನಿಂತುಹೋಗುತ್ತದೆ. ಹನೂರಿನ ಅಂಗಡಿಯವರು ಡೀಸೆಲ್‌ಗೆ ಬೆರೆಸುವ ಎರಡು ಬಗೆಯ ಔಷಧಿ ತೋರಿಸಿದರು. ಒಂದು ಒಳಗಿನ ಮಸಿ ಕಳೆಯುತ್ತದಂತೆ, ಇನ್ನೊಂದು ಭಾಗಗಳು ಸವೆಯದಂತೆ ಕಾಯುತ್ತದಂತೆ. ನಮ್ಮ ಹಳೆಯ ಇಂಜಿನ್ನಿಗೆ ಯಾವುದು ಒಗ್ಗುತ್ತದೆ, ಎಷ್ಟು ಹಾಕಬೇಕು, ತಿಳಿಸಿ.

"ಇದ ಮಾರ್ಬುಟ್ಟು ಕರೆಂಟ್ ಮೋಟ್ರು ಆಕ್ಸಾನ ಕಣ ಅತ್ತಿಗೆ" ಎಂದು ಮೈದುನ ಚಿಕ್ಕಮಾದಪ್ಪ ಹೇಳುತ್ತಾನೆ. ಅವನ ಮಾತು ಸರಿಯೇ. ಆದರೆ ನಮ್ಮತ್ತೆಗೆ ಕಣ್ಣು ಕಾಣುವುದಿಲ್ಲ, ಈಗ ನೆನಪೂ ನಿಲ್ಲುವುದಿಲ್ಲ. ಮಗ ಹೋದನೆಂದು ಹೇಳಿದಾಗಲೆಲ್ಲ ಹೊಸದಾಗಿ ಅಳುತ್ತಾರೆ. ಅದಕ್ಕೇ ಹೇಳುವುದನ್ನು ಬಿಟ್ಟಿದ್ದೇನೆ. ಇಂಜಿನ್ ಸದ್ದು ಕೇಳಿದರೆ, "ನನ್ ಮಗ ನೀರ್ ಕಟ್ತಾವ್ನೆ, ಅವ್ನಿಗೂ ಒಸಿ ಇಟ್ಟಿರು" ಎಂದು ಹೇಳಿ ಊಟ ಮಾಡುತ್ತಾರೆ. ನಾನೂ ತೆಗೆದಿಡುತ್ತೇನೆ. ಇಂಜಿನ್ ಓಡದ ದಿನ ಅವರು ತಟ್ಟೆ ಮುಟ್ಟುವುದಿಲ್ಲ.

ಆದ್ದರಿಂದ ಹೊಗೆ ನಿಲ್ಲದಿದ್ದರೂ ಚಿಂತೆಯಿಲ್ಲ ಅಣ್ಣ. ಯಾವುದನ್ನು ಹಾಕಿದರೆ ಅದರ ಸದ್ದು ಬದಲಾಗುವುದಿಲ್ಲ ಎಂಬುದನ್ನು ಮಾತ್ರ ತಪ್ಪದೆ ಬರೆಯಿರಿ.

ನಿಮ್ಮ ಉತ್ತರಕ್ಕೆ ಕಾಯುವ ತಂಗಿ,
ಶಿವರತ್ನಮ್ಮ