ಮೂವರನ್ನು ತನ್ನತ್ತ ಎಳೆದುಕೊಂಡ ವೀಣಕ್ಕನಿಗೆ

ವೀಣಕ್ಕಾ,

ನೀನು ತೀರಿಹೋಗಿ ಎರಡು ವರ್ಷವಾಯಿತು. ಮೊನ್ನೆ ಭಾನುವಾರ ನಡೆದದ್ದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ? ಅದಕ್ಕೂ ಮೊದಲು, ಆ ಫೈನಲ್ ಬಗ್ಗೆ ಒಂದು ಮಾತು.

ರಾಜಾಜಿನಗರದ ಬಾಸ್ಕೆಟ್‌ಬಾಲ್ ಕ್ಲಬ್ಬಿಗೆ ಸೇರಿದಾಗ ನನಗೆ ಹದಿನೇಳು, ನಿನಗೆ ಇಪ್ಪತ್ತೆರಡು. ನೀನು ಕೋರ್ಟಿಗಿಳಿದರೆ ಎದುರಿನವರ ಮುಖವೇ ಬದಲಾಗುತ್ತಿತ್ತು. ನಾನೋ, ಡ್ರಿಬಲ್ ಮಾಡಿದರೆ ಚೆಂಡು ನನ್ನ ಕಾಲಿಗೇ ತಾಗುತ್ತಿತ್ತು. ಎಡಮೂಲೆಯಲ್ಲಿ ನಿಂತು, ಎದುರು ಯಾರೂ ಇಲ್ಲದಾಗ ಹೊಡೆದರೆ ಮಾತ್ರ ಬಾಸ್ಕೆಟ್ ಬೀಳುತ್ತಿತ್ತು. ಅದನ್ನು ನೀನು ಯಾವಾಗ ಗಮನಿಸಿದ್ದೆಯೋ...

ಫೈನಲ್‌ನ ಕೊನೆಯ ನಿಮಿಷದಲ್ಲಿ ಒಂದು ಪಾಯಿಂಟ್ ಹಿಂದಿದ್ದೆವು. ನಾನಾಗಲೇ ಎರಡು ಸುಲಭದ ಶಾಟ್ ಕೈಚೆಲ್ಲಿದ್ದೆ. ಕೋಚ್ ನನ್ನನ್ನು ಹೊರಗೆ ಕರೆದರು. ನೀನು ನೀರು ಕುಡಿಯುತ್ತಲೇ, "ಸುಧಾ ಇರ್ಲಿ ಸಾರ್" ಎಂದೆ. ನನ್ನತ್ತ ತಿರುಗಿ, "ಎಲ್ಲೂ ಓಡ್ಬೇಡ ಕಣೇ, ಮೂಲೇಲೇ ಇರು. ಕೈ ರೆಡಿ ಇಟ್ಕೋ" ಎಂದೆ.

ಬಲಗಡೆಯಿಂದ ನುಗ್ಗಿದೆ ನೀನು. ಒಬ್ಬಳು ಅಡ್ಡ ಬಂದಳು, ದಾಟಿದೆ. ಆದರೂ ಅವಳು ಬೆನ್ನು ಬಿಡಲಿಲ್ಲ. ರಿಂಗ್ ಕೆಳಗಿದ್ದ ಉದ್ದನೆಯ ಹುಡುಗಿಯೂ ಬಂದಳು. ನೀನು ರಿಂಗ್ ಮೇಲೇ ಕಣ್ಣು ನೆಟ್ಟು ಹಾರಿದೆ. ಆಗ ನನಗೆ ಕಾವಲಿದ್ದವಳೂ ನನ್ನನ್ನು ಬಿಟ್ಟು ನಿನ್ನತ್ತ ಓಡಿದಳು. ಅಷ್ಟೇ ಬೇಕಿತ್ತು ನಿನಗೆ! ಮೂವರ ಕೈಗಳ ಸಂದಿಯಿಂದ ಚೆಂಡು ನೇರ ನನ್ನ ಕೈಗೆ ಬಂತು. ನನ್ನ ಸುತ್ತ ಎರಡು ಮಾರು ಯಾರೂ ಇಲ್ಲ. ಒಮ್ಮೆಯೂ ತಿರುಗಿ ನೋಡದ ನಿನಗೆ ನಾನು ಹೇಗೆ ಕಂಡೆ ಅಕ್ಕಾ? ಹೊಡೆದೆ. ಬಿತ್ತು. ಗೆದ್ದೆವು.

ಎಲ್ಲರೂ ನನ್ನನ್ನು ಎತ್ತಿಕೊಂಡು ಕುಣಿಯುವಾಗ ನೀನು ನೆಲದಲ್ಲಿ ಕೂತು, ತರಚಿದ ಮೊಣಕೈ ಒರೆಸಿಕೊಳ್ಳುತ್ತಾ ನಗುತ್ತಿದ್ದೆ. "ಎರಡು ಸಲ ಬಿಟ್ಟೋಳಿಗೆ ಯಾಕಕ್ಕಾ ಕೊಟ್ಟೆ?" ಎಂದೆ. "ಮೂರು ಜನ ನನ್ ಮೇಲೆ ಬಿದ್ರೆ ನಮ್ಮೋರು ಯಾರಾದ್ರೂ ಖಾಲಿ ಇರ್ಲೇಬೇಕಲ್ವೇನೇ?" ಎಂದೆ ನೀನು. ಅಷ್ಟು ಸುಲಭವೇ ಅದು? ಇಷ್ಟು ವರ್ಷ ಎಷ್ಟೊಂದು ಆಟ ನೋಡಿದೆ, ಎಷ್ಟು ಜನ ಹಾಗೆ...

ಇರಲಿ. ಮೊನ್ನೆ ಬಸವೇಶ್ವರನಗರದಲ್ಲಿ ನಲವತ್ತು ದಾಟಿದ ಹೆಂಗಸರ ಪಂದ್ಯ. ನಮ್ಮ ಟೀಮಿಗೆ ಗಿರಿಜಾ ಹೊಸಬಳು. ಮೆಡಿಕಲ್ ಸ್ಟೋರ್ ನಡೆಸುತ್ತಾಳೆ, ಈ ವರ್ಷವಷ್ಟೇ ಆಡಲು ಕಲಿತಳು. ಯಾವ ಪಂದ್ಯದಲ್ಲೂ ಇನ್ನೂ ಒಂದೇ ಒಂದು ಬಾಸ್ಕೆಟ್ ಹಾಕಿರಲಿಲ್ಲ. ನಾನು ಎರಡು ಶಾಟ್ ಹಾಕಿದ್ದೇ ತಡ, ಇಬ್ಬರು ನನ್ನ ಮೇಲೆ ಬಂದರು. ನನ್ನ ಮೇಲೆ ಅಕ್ಕಾ, ಇಬ್ಬರು! ಜೀವನದಲ್ಲೇ ಮೊದಲ ಸಲ. ರಿಂಗನ್ನೇ ನೋಡುತ್ತಾ ಗಿರಿಜಾಗೆ ಪಾಸ್ ಕೊಟ್ಟೆ. ಅವಳ ಶಾಟ್ ತಪ್ಪಿತು. ಮತ್ತೆ ಕೊಟ್ಟೆ. ಆ ಇಬ್ಬರ ಆಚೆಯಿಂದ ಅವಳು ಖುಷಿಯಿಂದ ಕಿರುಚಿದ್ದು ಕೇಳಿಸಿತು.

ಪಂದ್ಯ ಸೋತೆವು. ಗಿರಿಜಾ ಮಾತ್ರ ಸ್ಕೂಟರ್ ಹತ್ತುವವರೆಗೂ ಬಿಡಲಿಲ್ಲ. "ಸುಧಾ, ನಾನ್ ಹಾಕಿದ್ದು ನೋಡಿದ್ಯಾ? ನಿಜ ಹೇಳು, ನೋಡಿದ್ಯಾ?"

ನಾನೆಲ್ಲಿ ನೋಡಿದೆ ಅಕ್ಕಾ, ಇಬ್ಬರೂ ಕೈ ಚಾಚಿ ಎದುರಿಗೇ ನಿಂತಿದ್ದರು.

"ನೋಡ್ದೆ ಕಣೇ," ಎಂದೆ. "ಎಷ್ಟ್ ಚೆನ್ನಾಗಿ ಬಿತ್ತು!"

ನಿನ್ನ,
ಸುಧಾ