ಹೊರಗಿನಿಂದ ಹಾಕಿದ ಬೀಗ

ಲಾಂಡ್ರಿಯಿಂದ,
ಗುರುವಾರ, ಮಧ್ಯಾಹ್ನದ ಬಿಡುವು

ಪ್ರೀತಿಯ ಅಣ್ಣಾ,

ಅಕ್ಷರ ಕಾಗೆ ಕಾಲು ಗುಬ್ಬಿ ಕಾಲಾಗಿದೆ, ಬೇಸರ ಮಾಡಿಕೊಳ್ಳಬೇಡ. ಇಸ್ತ್ರಿ ಮೇಜಿನ ಮೇಲೆ ಬರೆಯುತ್ತಿದ್ದೇನೆ, ಪಕ್ಕದ ಯಂತ್ರ ತಿರುಗಿದಾಗಲೆಲ್ಲ ಮೇಜು ಅಲುಗುತ್ತದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಒತ್ತಕ್ಷರ ತಪ್ಪಿದ್ದರೆ ನೀನೇ ತಿದ್ದಿ ಓದಿಕೋ. ನಿನ್ನ ಸೊಂಟನೋವು ಹೇಗಿದೆ? ಹಡಗಿನ ಅಡುಗೆಮನೆಯ ಆ ದೊಡ್ಡ ಪಾತ್ರೆಗಳನ್ನು ಒಬ್ಬನೇ ಎತ್ತಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಡುಗೆಯವನೇ ಉಪವಾಸ ಬಿದ್ದರೆ ನಗುವವರಿಗೇನು ಕಡಿಮೆ.

ಅಮ್ಮ ಊಟ ಮಾಡುತ್ತಾಳೆ, ಓಡಾಡುತ್ತಾಳೆ. ಅವಳ ಅಭ್ಯಾಸ ನಿನಗೆ ನೆನಪಿದೆಯಲ್ಲ? ಬೆಳಿಗ್ಗೆ ಬಾಗಿಲು ತೆಗೆದು, ಪಕ್ಕಕ್ಕೆ ಸರಿದು ನಿಂತು, "ಬನ್ನಿ ಪ್ರಭುವೇ, ಒಳಗೆ ಬನ್ನಿ" ಎಂದ ಮೇಲೆಯೇ ಒಲೆ ಹಚ್ಚುವುದು. ಆಮೇಲೆ ದಿನವೆಲ್ಲ ಯೇಸುಸ್ವಾಮಿ ಮನೆಯಲ್ಲೇ ಕೂತಿರುವ ಹಾಗೆ ಮಾತು. "ನೋಡಿ ಪ್ರಭುವೇ, ಇವಳು ಮತ್ತೆ ಹಾಲು ಉಕ್ಕಿಸಿದ್ಲು" ಎಂದು ನನ್ನ ಮೇಲೆ ದೂರು. ನೀನು "ಅಮ್ಮಾ, ಅವರಿಗೆ ಬೇರೆ ಕೆಲಸ ಇಲ್ವಾ?" ಎಂದು ರೇಗಿಸಿದರೆ, "ಇದೆ ಕಣೋ, ನಿನ್ನ ಬುದ್ಧಿ ಸರಿಮಾಡೋ ಕೆಲಸ" ಎನ್ನುತ್ತಿದ್ದಳು.

ಈಗ ಮರೆವು ಎಲ್ಲವನ್ನೂ ತಿಂದು ಆ ಒಂದು ಮಾತನ್ನು ಮಾತ್ರ ಬಿಟ್ಟಿದೆ. ಬಾಗಿಲು ತಟ್ಟಿದವರೆಲ್ಲ ಅವಳಿಗೆ ಪ್ರಭುವೇ. ಕರೆಂಟಿನ ಮೀಟರ್ ನೋಡಲು ಬಂದವನನ್ನು "ಎಷ್ಟು ತಡ ಮಾಡಿದ್ರಿ" ಎಂದು ಕೈಹಿಡಿದು ಕೂರಿಸಿ, ಬೂಟು ಬಿಚ್ಚಿ ಕಾಲು ತೊಳೆಯಲು ಹೋದಳು. ಪಾಪ, ಅವನು "ಬೇಡಮ್ಮಾ, ಕಾಲ್ಚೀಲ ಹರಿದಿದೆ" ಎಂದು ನಾಚಿಕೊಂಡ. ನನ್ನ ಗುರುತು ಮಾತ್ರ ಅವಳಿಗೆ ಸಿಗುವುದಿಲ್ಲ. ಸ್ನಾನ ಮಾಡಿಸುವಾಗ "ನಿಮ್ಮಮ್ಮ ಕಾಯ್ತಿರ್ತಾಳೆ, ಮನೆಗೆ ಹೋಗಮ್ಮಾ" ಎನ್ನುತ್ತಾಳೆ. ಯಾವ ಮನೆಗೆ ಹೋಗಲಿ, ನೀನೇ ಹೇಳು.

ನಮ್ಮ ರೇಡಿಯೊ ಹೊತ್ತುಕೊಂಡು ಹೋದವನನ್ನೂ ಹೀಗೆಯೇ ಒಳಗೆ ಕರೆದದ್ದು. ಅದು ತಿಳಿದ ಮೇಲೆ ನೀನು ಫೋನಿನಲ್ಲಿ "ಹೊರಗಿನಿಂದ ಬೀಗ ಹಾಕ್ಬಿಡು" ಎಂದೆ. ನಿನ್ನದೇನೂ ತಪ್ಪಿಲ್ಲ, ಅಷ್ಟು ದೂರದಿಂದ ನೀನಾದರೂ ಏನು ಹೇಳಬಲ್ಲೆ? ಅಂದಿನಿಂದ ಬೀಗ ಹಾಕಿಯೇ ಕೆಲಸಕ್ಕೆ ಬರುತ್ತಿದ್ದೆ. ಮೊನ್ನೆ ಎದುರುಮನೆಯ ಹೊಲಿಗೆಯವಳು ನನ್ನನ್ನು ದಾರಿಯಲ್ಲೇ ತಡೆದಳು. "ನಿಮ್ಮಮ್ಮ ದಿನಾ ಬಾಗಿಲ ಹಿಂದೆ ನಿಂತ್ಕೊಂಡು, ತೆಗೆಯೋಕಾಗ್ತಿಲ್ಲ ಪ್ರಭುವೇ, ಹೋಗ್ಬಿಡ್ಬೇಡಿ, ಹೋಗ್ಬಿಡ್ಬೇಡಿ ಅಂತಿರ್ತಾರೆ. ನನ್ನ ಕೈಲಿ ಕೇಳೋಕಾಗಲ್ಲ ಕಣೇ. ಮೆಷಿನ್ ಜೋರಾಗಿ ತುಳೀತೀನಿ" ಎಂದಳು.

ಅಣ್ಣಾ, ಆಮೇಲೆ ನನಗೆ ಪ್ರಾರ್ಥನೆ ಬರುತ್ತಿಲ್ಲ. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಯಾವ ಬಾಯಿಂದ ಬನ್ನಿ ಎನ್ನಲಿ? ಪಾದ್ರಿಗಳ ಹತ್ತಿರ ಹೇಳಿಕೊಂಡೆ. "ದೇವರು ಮುಚ್ಚಿದ ಬಾಗಿಲೊಳಗೂ ಬರ್ತಾರಮ್ಮಾ" ಎಂದರು. ಬರಬಹುದು. ಆದರೆ ಬಂದದ್ದು ಅಮ್ಮನಿಗೆ ತಿಳಿಯುತ್ತಿಲ್ಲವಲ್ಲ. ನನಗೂ ತಿಳಿಯುತ್ತಿಲ್ಲ. ಇಲ್ಲಿ ಬಿಸಿ ಬೆಡ್‌ಶೀಟು ಮಡಚುತ್ತಾ, ಯಾರಿಗೂ ಕೇಳದಂತೆ, ಅಮ್ಮನ ಹಾಗೆ ಕರೆದು ನೋಡುತ್ತೇನೆ. ಮುಖಕ್ಕೆ ಹಬೆ ಹೊಡೆಯುತ್ತದೆ, ಅಷ್ಟೇ. ಸಂಜೆ ನಾನು ಒಳಗೆ ಕಾಲಿಟ್ಟರೆ ಅವಳು ನನ್ನ ಹೆಗಲ ಆಚೆ ಇಣುಕುತ್ತಾಳೆ, ಹಿಂದೆ ಇನ್ನು ಯಾರಾದರೂ ಇದ್ದಾರೇನೋ ಎಂದು. ಯಾರೂ ಇರುವುದಿಲ್ಲ. ಅವಳ ಮುಖ ಬಾಡುವುದನ್ನು ದಿನಾ ನೋಡಿ ನನಗೆ ಸಾಕಾಗಿದೆ.

ಯಂತ್ರ ನಿಂತಿತು, ಮೇಲ್ವಿಚಾರಕಿ ನನ್ನತ್ತ ನೋಡಿ ಕೆಮ್ಮುತ್ತಿದ್ದಾಳೆ. ನಿನ್ನನ್ನೂ ನಿನ್ನ ಹಡಗನ್ನೂ ಪ್ರಭು ಕಾಯಲಿ. ನನ್ನಿಂದ ಅವರಲ್ಲಿ ಕೇಳಿಕೊಳ್ಳಲಾಗದ್ದನ್ನು ನೀನು ಕೇಳಿಕೋ.

ನಿನ್ನ ತಂಗಿ,
ಕುಳ್ಳಿ

ಹೇಳಬೇಕಾದದ್ದೇ ಉಳಿಯಿತು. ಇವತ್ತು ಬೀಗ ಹಾಕಲಿಲ್ಲ. ನೀನು ಬೈದರೂ ಸರಿ. ಹೊಲಿಗೆಯವಳಿಗೆ ಒಂದು ಕಣ್ಣಿಟ್ಟಿರು ಎಂದೆ. ಅವಳು ಸೂಜಿಗೆ ದಾರ ಪೋಣಿಸುತ್ತಾ ನಮ್ಮ ಬಾಗಿಲ ಕಡೆ ಒಮ್ಮೆ ನೋಡಿದಳು. ಯಾರು ಬರುತ್ತಾರೋ, ಏನಾಗುತ್ತದೋ. ರಜೆ ಸಿಕ್ಕರೆ ಬೇಗ ಬಾ, ಅವಳು ನಿನ್ನನ್ನು ಮಗ ಎನ್ನದಿದ್ದರೂ ಒಳಗೆ ಬಾ. ಬೆಳಿಗ್ಗೆ ಅವಳಿಗೆ ತಲೆ ಬಾಚಿ, ಬಾಗಿಲನ್ನು ಪೂರ್ತಿ ತೆರೆದು, ಗಾಳಿಗೆ ಮುಚ್ಚಿಕೊಳ್ಳದಂತೆ ಕಲ್ಲೊಂದನ್ನು ಒತ್ತಿಟ್ಟು ಬಂದಿದ್ದೇನೆ.