ಬಾಗಿಲ ಮೇಲಿನ ಹಳೆಯ ಫೋನು

ಎಲ್ ಮಿನಾ, ತ್ರಿಪೋಲಿ
ಫೆಬ್ರವರಿ 11

ಲಮೀಸಳ ಅಪ್ಪ ಫವ್ವಾಜನಿಗೆ,

ನಾವು ಕ್ಷೇಮ. ಆಫ್ರಿಕಾದ ಆ ಉಗ್ರಾಣದ ಸೆಕೆಯಲ್ಲಿ ನೀನೂ ಕ್ಷೇಮವೆಂದು ನಂಬಿದ್ದೇನೆ. ಫೋನಿರುವಾಗ ಇವಳಿಗೆ ಕಾಗದದ ಹುಚ್ಚೇಕೆ ಎನ್ನಬೇಡ. ಕಾಗದಕ್ಕೆ ಕಣ್ಣಿಲ್ಲ, ಅದಕ್ಕೇ ಕಾಗದ. ಬರೆಯುವುದು ತಡವಾಯಿತು, ಕ್ಷಮಿಸು. ಕೋಪ ಆರಲಿ ಎಂದು ಕಾದೆ. ಆರಲಿಲ್ಲ. ನಿನ್ನಲ್ಲಿಗೆ ಮರಳುತ್ತಿರುವ ಬಸ್ಸಾಮನ ಕೈಯಲ್ಲಿ ಇದನ್ನೂ ಒಂದು ಪೊಟ್ಟಣವನ್ನೂ ಕಳಿಸುತ್ತಿದ್ದೇನೆ.

ಮೊದಲು ಮನೆಯ ಸುದ್ದಿ. ಬೀದಿಗೆಲ್ಲ ಜನರೇಟರಿನ ಕರೆಂಟು ಮಾರುವ ದರ್ವೇಶನ ತಂತಿಯನ್ನು ಕೊನೆಗೂ ಕಿತ್ತೆಸೆದೆ. "ಕತ್ತಲೆಗೆ ಹೆದರಿ ನಾಳೆ ನೀನೇ ಓಡಿ ಬರ್ತೀಯ ನೋಡು" ಅಂದ. "ಕತ್ತಲೆ ಮಾರಿ ಹೊಟ್ಟೆ ಬೆಳೆಸಿದವನು ನೀನು. ಬೆಳಕಾದ್ರೆ ಹೆದರಬೇಕಾದವನೂ ನೀನೇ" ಅಂದೆ. ತಾರಸಿಯ ಮೇಲೆ ಒಂದು ಸೋಲಾರ್ ಹಲಗೆ, ಗುಜರಿಯಿಂದ ತಂದ ಕಾರಿನ ಬ್ಯಾಟರಿ, ನಾಲ್ಕು ಪಟ್ಟಿ ದೀಪ, ಇಷ್ಟೇ ನಮ್ಮ ವಿದ್ಯುತ್ ಇಲಾಖೆ. ರೂಟರನ್ನೂ ನೇರವಾಗಿ ಬ್ಯಾಟರಿಗೇ ಜೋಡಿಸಿದ್ದೇನೆ, ಕರೆಂಟು ದಂಡವಾಗುವುದಿಲ್ಲ. ಈ ಚಳಿಗಾಲದ ಮಳೆಗೆ ತಂತಿಯ ತುದಿಗಳು ಕಿಲುಬು ಹಿಡಿಯುತ್ತವೆ. ಪ್ರತಿ ಸಂಜೆ ಹತ್ತಿ ಹೋಗಿ ಉಜ್ಜುತ್ತೇನೆ. ನೀನು ಹೇಳಿದ್ದು ನೆನಪಿದೆ: ರಬ್ಬರ್ ಅಟ್ಟೆಯಿಲ್ಲದೆ ಒದ್ದೆ ತಾರಸಿಗೆ ಕಾಲಿಡುವುದಿಲ್ಲ.

ಕೆಳಮನೆಯ ಉಮ್ಮ್ ರಿಯಾಜ್ ಬೆನ್ನು ಬಿದ್ದಿದ್ದಾಳೆ. "ನಮಗೂ ಹಾಕ್ಕೊಡೇ, ಎಂಜಿನಿಯರಮ್ಮಾ!" "ನಿನ್ನ ಗಂಡನ ಗೊರಕೆಗೆ ಒಂದು ತಂತಿ ಕಟ್ಟು, ಇಡೀ ಬೀದಿಗೆ ದೀಪ ಹತ್ತುತ್ತೆ" ಅಂದೆ.

ಇನ್ನು ಆ ಹಳೆಯ ಫೋನಿನ ಮಾತು. ತಾರಸಿಯ ತಂತಿ ಕದಿಯುವವರು ಹೆಚ್ಚಾಗಿದ್ದಾರೆ ಎಂದು ನಾನು ಹೇಳಿದಾಗ ನೀನೇ ಅಂದೆ: "ಕ್ಯಾಮೆರಾಗೆ ದುಡ್ಡು ಯಾಕೆ ಸುರೀತೀಯ? ನನ್ನ ಗಾಜೊಡೆದ ಫೋನಿದೆಯಲ್ಲ, ಬಾಗಿಲ ಮೇಲೆ ಕಟ್ಟು." ನೀನು ಹೇಳಿಕೊಟ್ಟಂತೆಲ್ಲ ಗುಂಡಿ ಒತ್ತಿದೆ. ಯಾರಾದರೂ ಸುಳಿದರೆ ಫೋನು ಕೂಗುತ್ತದೆ, ಅಷ್ಟೇ ಅಂದೆ ನೀನು. ಬಟ್ಟೆ ನೇತುಹಾಕುವ ಕೊಕ್ಕೆಯ ತಂತಿ ಬಗ್ಗಿಸಿ ಕಟ್ಟಿದೆ. "ಇನ್ನೂ ಕೆಳಗೆ. ಇನ್ನೂ ಸ್ವಲ್ಪ ಕೆಳಗೆ" ಎಂದು ನೀನು ವಿಡಿಯೋ ಕರೆಯಲ್ಲಿ ಅನ್ನುತ್ತಲೇ ಹೋದೆ. "ಕಳ್ಳ ಏನು ತೆವಳ್ಕೊಂಡು ಬರ್ತಾನಾ?" ಎಂದು ನಾನು ನಕ್ಕೆ. ನೀನು ನಗಲಿಲ್ಲ. ಮೆಟ್ಟಿಲು ಕಾಯಬೇಕಾದ ಕಣ್ಣು ಹೊಸ್ತಿಲನ್ನು ನೋಡುತ್ತಾ ನಿಂತಿತು.

ಹೋದ ವಾರ ಬೆಳಿಗ್ಗೆ ಬೈರೂತಿನಿಂದ ನಿನ್ನ ಅಕ್ಕ ಸುಹೈಲಾ ಬಂದಳು. ಹಬ್ಬಕ್ಕೂ ಬಾರದವಳು. ಕಾಫಿ ಮುಟ್ಟಲಿಲ್ಲ. ಮಂಚದ ಕೆಳಗೆ ಬಗ್ಗಿದಳು, ಬಚ್ಚಲ ಬಾಗಿಲು ತೆಗೆದಳು.

"ಏನು ಹುಡುಕ್ತಿದ್ದೀಯ ಅಕ್ಕಾ?"

"ದಿನಾ ಸಂಜೆ ನಿನ್ನ ಬಾಗಿಲಲ್ಲಿ ಬಿಚ್ಚಿಡೋ ಗಂಡಸಿನ ಬೂಟು ಯಾರದ್ದೇ? ಲಮೀಸಳ ಬಟ್ಟೆ ಕಟ್ಟು. ಅವಳು ಇನ್ಮೇಲೆ ನನ್ನ ಮನೇಲಿರ್ತಾಳೆ. ತಮ್ಮ ಹೇಳಿದ್ದಾನೆ."

ಲಮೀಸ್ ನನ್ನ ಸೊಂಟ ಹಿಡಿದುಕೊಂಡಳು. "ಮಗಳ ಮೈಮುಟ್ಟಿ ನೋಡು, ಆಮೇಲೆ ಗೊತ್ತಾಗುತ್ತೆ" ಅಂದೆ. ಸುಹೈಲಾ ಬೈಯುತ್ತಾ ಮೆಟ್ಟಿಲಿಳಿದಳು. ಇಡೀ ಕಟ್ಟಡದ ಬಾಗಿಲುಗಳು ಬೆರಳಷ್ಟು ತೆರೆದುಕೊಂಡವು.

ಬೆಳಿಗ್ಗೆ ಬಾಗಿಲಲ್ಲಿ ಬೂಟು ಇರುವುದಿಲ್ಲ. ಹಾಗಾದರೆ ಬೈರೂತಿನ ಸುಹೈಲಾಗೆ ಅದು ಕಂಡದ್ದೆಲ್ಲಿ? ತಲೆಯೆತ್ತಿ ಫೋನನ್ನು ನೋಡಿದೆ. ಕಾಫಿ ಒಲೆಗಿಟ್ಟು, ಅದರ ಕಣ್ಣಿಗೊಂದು ಪಾತ್ರೆ ಒರೆಸುವ ಬಟ್ಟೆ ಹೊದಿಸಿದೆ. ಕಾಫಿ ಉಕ್ಕುವ ಮೊದಲೇ ನಿನ್ನ ಕರೆ ಬಂತು. ಕೆಲಸದ ಹೊತ್ತಿನಲ್ಲಿ ಎಂದೂ ಕರೆಯದವನು! "ಸುಮ್ನೆ ಮಾಡಿದೆ. ಮನೇಲೆಲ್ಲ ಸರಿ ಇದೆಯಾ?" ಅಂದೆ ನೀನು. ಸರಿ ಇದೆ ಅಂದೆ ನಾನೂ.

ನಾನು ಉಜ್ಜಿ ಬದುಕಿಸಿದ ಬ್ಯಾಟರಿಯಿಂದಲೇ, ನಾನೇ ಜೋಡಿಸಿದ ರೂಟರಿನಿಂದಲೇ ನೀನು ನನ್ನನ್ನು ಕಾಯುತ್ತಿದ್ದೆ. ಈ ದೇಶದ ಬೆಳಕನ್ನು ನುಂಗಿದ ದೊಡ್ಡವರ ಬಾಗಿಲಿಗೆ ಒಂದು ಕಣ್ಣಿಲ್ಲ. ಕತ್ತಲೆಯಲ್ಲಿ ಕೈಸುಟ್ಟುಕೊಂಡು ದೀಪ ಹಚ್ಚಿದ ಹೆಂಗಸಿನ ಹೊಸ್ತಿಲಿಗೆ ಮಾತ್ರ ಕಾವಲು! ದರ್ವೇಶನಿಗೂ ನಿನಗೂ ಏನು ವ್ಯತ್ಯಾಸ, ಹೇಳು. ಅವನು ತಂತಿಯಿಂದ ಕಟ್ಟಿದ್ದ, ನೀನು ತಂತಿಯಿಲ್ಲದೆ ಕಟ್ಟಿದೆ.

ಬೂಟು ಯಾರದ್ದೆಂದು ನಿನ್ನ ಅಕ್ಕನಿಗೆ ನಾನು ಹೇಳಲಿಲ್ಲ. ಕೇಳಬೇಕಾದವನು ನೀನು. ನೀನು ಕೇಳಲೇ ಇಲ್ಲ.

ಲಮೀಸ್ ಎಲ್ಲಿಗೂ ಹೋಗುವುದಿಲ್ಲ. ಯಾರನ್ನು ಬೇಕಾದರೂ ಕಳಿಸು. ಫೋನನ್ನು ಈಗ ತಾರಸಿಯ ಮೆಟ್ಟಿಲಿಗೆ ತಿರುಗಿಸಿದ್ದೇನೆ; ನೋಡಬೇಕೆನಿಸಿದರೆ ಕಳ್ಳರನ್ನು ನೋಡು.

ಹೊತ್ತಿಗೆ ಸರಿಯಾಗಿ ಉಣ್ಣು. ಆ ಊರಿನ ಜ್ವರ ನಿನ್ನ ಹತ್ತಿರ ಸುಳಿಯದಿರಲಿ. ದೇವರು ನಿನ್ನ ಬೆನ್ನಿಗೆ ಬಲ ಕೊಡಲಿ, ಕಣ್ಣಿಗೂ ಸ್ವಲ್ಪ ಕೊಡಲಿ.

ಇಂತಿ,
ಲಮೀಸಳ ಅಮ್ಮ ವಿಸಾಲ್

ಮರೆತ ಮಾತು: ಪೊಟ್ಟಣದಲ್ಲಿ ಆ ಬೂಟುಗಳಿವೆ. ಹಾಕಿಕೊಂಡು ನೋಡು, ಸರಿಯಾಗಿ ಹಿಡಿಯುತ್ತವೆ. ನೀನು ಹೊರಡುವಾಗ ಮಂಚದ ಕೆಳಗೆ ಬಿಟ್ಟುಹೋದವು. ಚಮ್ಮಾರನಿಂದ ಟೈರಿನ ಅಟ್ಟೆ ಹೊಡೆಸಿ, ತುದಿಗೆ ಲಮೀಸಳ ಹರಿದ ಕಾಲುಚೀಲ ತುರುಕಿ, ನಾನೇ ಮೆಟ್ಟಿಕೊಂಡು ತಾರಸಿ ಹತ್ತುತ್ತಿದ್ದೆ. ಇಳಿದು ಬಂದು ಬಾಗಿಲಲ್ಲಿ ಬಿಚ್ಚುತ್ತಿದ್ದೆ. ಆ ಕಣ್ಣನ್ನು ಒಂದು ಗೇಣು ಮೇಲೆತ್ತಿಸಿದ್ದರೆ ನನ್ನ ಮುಖ ಕಾಣುತ್ತಿತ್ತು, ಫವ್ವಾಜ್. ಅದು ಹೋಗಲಿ. ನಿನ್ನ ಬೂಟಿನ ಗುರುತೂ ನಿನಗೆ ಹತ್ತಲಿಲ್ಲವಲ್ಲ.